ಸುಟ್ಟ ಇಗರ್ಜಿಯಲ್ಲಿ ಉಡಿ ತುಂಬಿದ್ದು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮದುವೆಯಾದ ಒಂಬತ್ತನೆಯ ವರ್ಷಕ್ಕೆ ನನ್ನ ಮಗಳು ಶೋಭಾಳ ತೊಡೆಯ ಮೇಲೆ ಕೂಸು ಕೈಕಾಲು ಬಡಿಯುತ್ತಿದೆ. ಬೈಲಹೊಂಗಲದ ನಮ್ಮ ಓಣಿಯವರೆಲ್ಲ ಕೇಳಿರಿ. ನನ್ನ ನೆಗೆಣ್ಣಿ ಗಂಗವ್ವ ಎರಡೂ ಕಿವಿ ತೆರೆದು ಕೇಳಲಿ. ಬಾಣಂತಿಯ ಉಡಿ ತುಂಬಿದವಳು ನಾನು, ಗಂಡ ಸತ್ತ ಪಾರವ್ವ. ತುಂಬಿದ್ದು ಕಡಲಾಚೆಯ ಲಿಸ್ಬನ್ ಎಂಬ ಊರಿನಲ್ಲಿ, ಬೆಂಕಿ ಬಿದ್ದು ಸುಟ್ಟ ದೇವರ ಮನೆಯಲ್ಲಿ.

ಅಳಿಯ ಬಸವರಾಜ ಸವದತ್ತಿಯವರು. ಗೋವೆಯ ಹೋಟೆಲಿನಲ್ಲಿ ಅಡಿಗೆ ಕಲಿತು, ಅಲ್ಲಿಯ ಗೆಳೆಯರ ಬೆನ್ನು ಹತ್ತಿ ಇಲ್ಲಿಗೆ ಬಂದವರು. ಮಗಳು ಬಸಿರಾದಾಗ ಬಾಣಂತನಕ್ಕೆ ನನ್ನನ್ನು ಕರೆಸಿಕೊಂಡರು. ಈಗ “ಇನ್ನ ಇಲ್ಲೇ ಇದ್ದಬಿಡ್ರಿ ಅತ್ತಿ” ಎನ್ನುತ್ತಾರೆ. ಊರಲ್ಲಿ ನನಗೆ ಅಂಗಳವಿತ್ತು, ಹಿತ್ತಲಿತ್ತು. ಇಲ್ಲಿ ಮೇಲಿನ ಮಾಳಿಗೆಯಲ್ಲಿ ಎರಡು ಖೋಲಿ. ಅರಿವೆ ಒಣಗಿಸಲು ಕಿಟಕಿಯ ಹೊರಗೆ ಒಂದು ಹಗ್ಗ. ಬಂದ ಹೊಸದರಲ್ಲಿ ನನ್ನ ಕುಬಸ ಜಾರಿ, ಕೆಳಗೆ ಹೊರಟಿದ್ದ ಯಾರದೋ ಟೊಪ್ಪಿಗೆಯ ಮೇಲೆ ಬಿತ್ತು. ಅವನು ಮೇಲೆ ನೋಡಿ ಏನೇನೋ ಅಂದ. ಬೈದನೋ ನಕ್ಕನೋ ತಿಳಿಯಲಿಲ್ಲ. ದಿನವೆಲ್ಲ ಮಾತಿಲ್ಲ. ನನ್ನ ದನಿ ನನಗೇ ಮರೆತುಹೋದೀತು ಅನಿಸುತ್ತಿತ್ತು.

ಆದರೆ ಒಂದು ಸೋಜಿಗ. ಬಟಾಟಿಗೆ ಇವರೂ ಬಟಾಟಾ ಎನ್ನುತ್ತಾರೆ. ಚಾವಿಗೆ ಶಾವ್, ಪಾವ್ ರೊಟ್ಟಿಗೆ ಪಾಂವ್. ಗೋವೆಯ ದಾರಿಯಿಂದ ನಮ್ಮೂರಿಗೆ ಬಂದ ಮಾತುಗಳಂತೆ ಇವೆಲ್ಲ. ಒಂದು ದಿನ ಒಬ್ಬಳೇ ಇಳಿದು ಹೋಗಿ ಬಟಾಟಿ ಕೊಂಡು ತಂದೆ ನೋಡಿರಿ, ಕಿತ್ತೂರ ಕೋಟೆಯನ್ನೇ ಗೆದ್ದ ಹಾಗಾಯಿತು!

ಗಂಗವ್ವನ ಸಂಗತಿ ಹೇಳಬೇಕು. ಆಕೆ ನನ್ನ ಭಾವನ ಹೆಂಡತಿ. ಶೋಭಾಳ ಮದುವೆಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಖಣ ಇಟ್ಟ ತಾಟು ಹಿಡಿದು ಮಗಳ ಉಡಿ ತುಂಬಲು ಎದ್ದೆ. ಹಂದರದ ತುಂಬ ಮಂದಿ. ಗಂಗವ್ವ ಬಂದು ತಾಟನ್ನು ಕಸಿದುಕೊಂಡಳು.

“ಹಿಂದ ಸರಿ, ಪಾರವ್ವಾ. ಮುತ್ತೈದೇರು ಮಾಡೂ ಕೆಲಸ ಇದು. ಮಗಳ ಬಾಳೇ ಚಲೋ ಆಗೂದ ಬ್ಯಾಡೇನ ನಿನಗ?”

ಅಡಿಗೆಮನೆಯ ಬಾಗಿಲ ಹಿಂದೆ ನಿಂತು, ನಾನು ಹೆತ್ತವಳ ಉಡಿಯನ್ನು ಮಂದಿ ತುಂಬುವುದನ್ನು ನೋಡಿದೆ. ಮುಂದೆ ಬಹಳ ವರ್ಷ ಶೋಭಾಳಿಗೆ ಮಕ್ಕಳಾಗಲಿಲ್ಲ. ಗಂಗವ್ವನಿಗೆ ಅಷ್ಟು ಸಾಕಾಯಿತು. ನಳದ ಹತ್ತಿರ, ಲಗ್ನದ ಮನೆಗಳಲ್ಲಿ, “ತಾಟ ಮುಟ್ಟಿದ್ಲಲ್ಲ, ಅದಕ್ಕ” ಎಂದು ಹೇಳಿಕೊಂಡು ತಿರುಗಿದಳು. ಗುಡ್ಡದ ಎಲ್ಲಮ್ಮನೂ ಗಂಡ ಸತ್ತನೆಂದು ವರ್ಷವರ್ಷ ಬಳೆ ಒಡೆದುಕೊಳ್ಳುತ್ತಾಳೆ. ಆಗ ಆಕೆಗೆ ಬೆನ್ನು ತಿರುಗಿಸಿದವರುಂಟೇ? ಹೀಗೆಂದು ಕೇಳುವ ಧೈರ್ಯ ನನಗೆ ಇರಲಿಲ್ಲ. ಸೇಡು ಮಾತ್ರ ಇತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ವಿಮಾನ ಹತ್ತಿದೆ. ಪೆಟ್ಟಿಗೆಯಲ್ಲಿ ಖಣ, ಉತ್ತತ್ತಿ, ಅರಿಷಿಣದ ಕೊಂಬು.

ಬಾಣಂತಿ ಮೊದಲ ಸಲ ಹೊಸ್ತಿಲು ದಾಟಿದಾಗ ದೇವರಿಗೆ ಹೋಗಬೇಕು, ಅಲ್ಲಿ ಉಡಿ ತುಂಬಬೇಕು. ನಮ್ಮ ದೇವರ ಗುಡಿ ಊರ ಆ ತುದಿಗಂತೆ. ಅಳಿಯನಿಗೆ ಇದ್ದದ್ದು ಅರ್ಧ ದಿನದ ರಜೆ.

“ಹತ್ತರದಾಗ ಒಂದ ಹಳೇ ಇಗರ್ಜಿ ಐತ್ರಿ, ಅತ್ತಿ” ಎಂದರು. ಇಗರ್ಜಿ ಎಂದರೆ ಕಿರಿಸ್ತಾನರ ಗುಡಿ. “ತಾಯಿ ಕೂಸಿನ್ನ ಎತ್ತಿಕೊಂಡ ನಿಂತಾಳ.”

“ಹಡದಾಕಿ ಅಂದಮ್ಯಾಗ ನಮ್ಮಾಕೀನ. ನಡೀರಿ” ಎಂದೆ.

ಶೋಭಾ ಕೂಸಿಗೆ ಕುಂಚಿಗೆ ಕಟ್ಟುತ್ತ, ತಲೆ ಎತ್ತದೆ ಅಂದಳು: “ಅವ್ವಾ, ಇವರ ಗೆಳ್ಯಾನ ಹೆಂಡತಿ ಅದಾಳ, ಗೋವಾದಾಕಿ. ಉಡಿ ಆಕೀ ಕಡಿಂದ ತುಂಬಿಸಿದ್ರ ಹೆಂಗ? ಕೂಸಿನ ಸಲುವಾಗಿ ಅಂದ್ನಿ, ಸಿಟ್ಟಾಗಬ್ಯಾಡ.”

ಗಂಗವ್ವನ ಮಾತು ಕಡಲು ದಾಟಿ ನನ್ನ ಮಗಳ ಬಾಯಲ್ಲಿ ಕೂತಿತ್ತು. ಉಡಿಯ ಸಾಮಾನನ್ನು ಗಂಟು ಕಟ್ಟಿ ಬಗಲಲ್ಲಿಟ್ಟುಕೊಂಡು ಹೊರಟೆ.

ಹೊರಗಿನಿಂದ ಇಗರ್ಜಿ ಎಲ್ಲ ಕಟ್ಟಡಗಳಂತೆಯೇ ಇತ್ತು. ಒಳಗೆ ಕಾಲಿಟ್ಟು ಗಾಬರಿಯಾದೆ. ಆಳೆತ್ತರದ, ಅದಕ್ಕೂ ಎತ್ತರದ ಕಂಬಗಳು ಒಡೆದು, ಚಕ್ಕೆ ಎದ್ದು, ಕರಿಹಿಡಿದು ನಿಂತಿವೆ. ಹಳೆಯ ಬೂದಿಯ ವಾಸನೆ ಬಂದಂತೆ ಅನಿಸಿತು.

“ಹಿಂಗ್ಯಾಕ್ರಿ ಇದು?”

“ಹಿಂದೊಮ್ಮೆ ಬೆಂಕಿ ಬಿದ್ದಿತ್ತಂತ್ರಿ. ಸುಟ್ಟ ಕಂಬಾ ಹಂಗ ಬಿಟ್ಟಾರ.”

“ಮತ್ತ ಪೂಜಿ?”

“ನಡೀತೈತ್ರಿ. ನೋಡ್ರಲ್ಲೆ, ಮಂದಿ ಕುಂತಾರ.”

ನಮ್ಮಲ್ಲಿ ಮೂರ್ತಿಯ ಮೂಗು ಮುಕ್ಕಾದರೂ ಮಲಪ್ರಭೆಗೆ ಬಿಡುತ್ತಾರೆ. ಇಲ್ಲಿ ಸುಟ್ಟು ಬಿರಿದ ಕಂಬಗಳೇ ದೇವರ ಮನೆಯ ಸೂರನ್ನು ಹೊತ್ತಿವೆ. ನಾನು ಒಂದು ಕಂಬಕ್ಕೆ ಕೈ ಹಚ್ಚಿ ನಿಂತೆ. ಬಿಟ್ಟು ಬರಲು ಮನಸ್ಸಾಗಲಿಲ್ಲ.

ಮೇಣದ ಬತ್ತಿ ಹಚ್ಚುತ್ತಿದ್ದ ಒಬ್ಬ ಮುದುಕಿ ಕೂಸನ್ನು ಕಂಡು ಹತ್ತಿರ ಬಂದಳು. ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ. ಶೋಭಾ ತಾನಾಗಿಯೇ ಕೂಸನ್ನು ಮುಂದೆ ಹಿಡಿದಳು. ಮುದುಕಿ ಅದರ ಹಣೆಯ ಮೇಲೆ ಹೆಬ್ಬೆರಳಿನಿಂದ ಗೆರೆ ಎಳೆದು, ತಲೆ ಸವರಿ, ಏನೋ ಹರಸಿದಳು.

“ದೊಡ್ಡಾಕೀ ಆಶೀರ್ವಾದ ಆತು ನೋಡವ್ವಾ” ಎಂದು ಮಗಳು ಹಿಗ್ಗಿದಳು.

ನಾನು ಅಳಿಯನ ಕಡೆ ತಿರುಗಿದೆ. “ಈಕಿ ಮೈತುಂಬ ಕರೀದ ಯಾಕ ಹಾಕ್ಯಾಳ್ರಿ?”

ಗೊತ್ತಿಲ್ಲದೆ ಕೇಳಿದ್ದಲ್ಲ. ನಮ್ಮ ಕೆಳಗಿನ ಮನೆಯ ಮುದುಕಿಯೂ ಹಾಗೆಯೇ ಉಡುತ್ತಾಳೆ. ಮಗಳ ಕಿವಿಗೆ ಬೀಳಲಿ ಎಂದೇ ಕೇಳಿದೆ.

“ಗಂಡ ಸತ್ತಮ್ಯಾಲ ಇಲ್ಲಿ ಮುದುಕೇರು ಕರೀದ ಉಡತಾರ್ರಿ.”

ಶೋಭಾಳ ಮುಖದ ನಗು ಇಳಿಯಿತು.

“ಆಕೀ ಕೈ ನಿನ್ನ ಕೂಸಿಗೆ ನಡೀತು” ಎಂದೆ. “ನಿನ್ನ ಹಡದ ಕೈ ನಡಿಯಂಗಿಲ್ಲೇನ?”

ಮಗಳು ಬೇಡ ಎಂದಿದ್ದರೆ ಮರುದಿನವೇ ಊರ ದಾರಿ ಹಿಡಿಯುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಆಕೆ ಕೂಸನ್ನು ಗಂಡನ ಕೈಗೆ ಕೊಟ್ಟಳು. ಕೂಸನ್ನೆತ್ತಿ ನಿಂತ ಆ ತಾಯಿಯ ಮೂರ್ತಿಯ ಮುಂದಿನ ಕಟ್ಟಿಗೆಯ ಬಾಕಿನ ಮೇಲೆ ಕೂತು ಸೆರಗು ಹರವಿದಳು. “ತುಂಬವ್ವಾ. ಬೊಗಸಿ ತುಂಬ ತುಂಬು.”

ತುಂಬಿದೆ. ಅಳಲಿಲ್ಲ. ಒಂದೊಂದು ಬೊಗಸೆಗೂ ಗಂಗವ್ವನನ್ನು ನೆನೆದು ಹಲ್ಲು ಕಚ್ಚಿ ತುಂಬಿದೆ. ಕೆಳಗೆ ಉದುರಿದ ಅಕ್ಕಿಯನ್ನು ಆ ಕರಿ ಸೀರೆಯ, ಅಲ್ಲ, ಕರಿ ಲಂಗದ ಮುದುಕಿ ಬಗ್ಗಿ ಆಯ್ದು, ತಾನೂ ಶೋಭಾಳ ಉಡಿಗೆ ಹಾಕಿದಳು. ಒಬ್ಬಳ ಬದಲು ಇಬ್ಬರಾದೆವು!

“ಫೋಟೊ ಹೊಡೀರಿ” ಎಂದು ಅಳಿಯನಿಗೆ ಹೇಳಿದೆ. “ನನ್ನ ಬೋಳ ಹಣಿ ಚಂದಂಗ ಕಾಣ್ಲಿ.”

ಬರುವ ದಾರಿಯಲ್ಲೇ ಟೆಲಿಫೋನ್ ಅಂಗಡಿ ಹೊಕ್ಕು ಗಂಗವ್ವನಿಗೆ ಹಚ್ಚಿಸಿದೆ.

“ಉಡಿ ತುಂಬಿಸಿದ್ರಿಲ್ಲೋ? ಅಲ್ಲಿ ಮುತ್ತೈದೇರು ಸಿಕ್ಕರೇನ?” ಎಂದಳು.

“ನಾನ ತುಂಬೀನಿ, ಅಕ್ಕಾ. ಫೋಟೊ ಕಳಸ್ತೇನಿ. ಗ್ವಾಡಿಗೆ ಹಾಕ್ಕೋ.”

“ಅಯ್ಯ ಖೋಡಿ...” ಎಂದವಳು ಮುಂದೆ ಮಾತೇ ಆಡಲಿಲ್ಲ. ಫೋನು ಕಡಿದಿರಲಿಲ್ಲ, ಉಸಿರು ಕೇಳುತ್ತಿತ್ತು. ಆ ಉಸಿರನ್ನು ಕಿವಿ ತುಂಬ ಕೇಳಿದೆ.

ಸಂಜೆ ಇಲ್ಲಿಯ ದಪ್ಪ ಕಡಲೆ ಬೇಯಿಸಿ, ಹೂರಣ ಅರೆದು ಹೋಳಿಗೆ ಮಾಡಿದೆ. ಕೂಸನ್ನು ನಡುವೆ ಮಲಗಿಸಿ ಮೂವರೂ ನೆಲದ ಮೇಲೆ ಉಣ್ಣಲು ಕೂತೆವು. ಅಳಿಯ ನನ್ನ ತಾಟಿಗೆ ತುಪ್ಪ ಸುರಿದು, “ಅತ್ತಿ, ಇನ್ನ ಇದ ನಿಮ್ಮೂರು” ಎಂದರು. ಇರಬಹುದು. ನನ್ನ ಕೈಯನ್ನು ಯಾರೂ ತಡೆಯದ ಊರು ಇದು. ಆದರೆ ನಾನು ಗೆದ್ದದ್ದು ಏನೆಂದು ಈ ಊರಲ್ಲಿ ಯಾರಿಗೆ ತಿಳಿದೀತು? ತಿಳಿಯುವವರೆಲ್ಲ ಬೈಲಹೊಂಗಲದಲ್ಲಿದ್ದಾರೆ. ಗಂಗವ್ವ ಇಲ್ಲಿ, ನನ್ನ ಎದುರಿಗೆ ಕೂತಿರಬೇಕಿತ್ತು. ಆಕೆಯ ತಾಟಿಗೆ ಇದೇ ಕೈಯಿಂದ ಹೋಳಿಗೆಯ ಮೇಲೆ ಹೋಳಿಗೆ ಬಡಿಸುತ್ತಿದ್ದೆ. ಉಂಡು ಮುಗಿಸುವ ತನಕ ಏಳಗೊಡುತ್ತಿರಲಿಲ್ಲ.