ಕುಳಗೇರಿ ಕ್ರಾಸಿನ ಒಡೆಯದ ಕಂಚು

ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿದವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅಮಸಿದ್ದಪ್ಪನ ತಗಡಿನ ಅಂಗಡಿ. ಮುಂದೆ ಥಳಥಳಿಸುವ ಸ್ಟೀಲಿನ ಡಬ್ಬಿ, ತಾಟು. ಹಿಂದೆ ತಳ ಕಿತ್ತ ಹಂಡೆ, ಸೀಳಿದ ಚರಗಿ, ಅಂಚು ಮುರಿದ ಗಂಗಾಳಗಳ ಗುಡ್ಡೆ. ಆಗ ಹೆಂಗಸರಿಗೆಲ್ಲ ಸ್ಟೀಲಿನ ಹುಚ್ಚು ಹತ್ತಿದ ಕಾಲ. ಮುತ್ತಜ್ಜಿ ಉಂಡ ಕಂಚಿನ ಗಂಗಾಳ ಕೊಟ್ಟು, ಊದಿದರೆ ಹಾರುವಂಥ ಸ್ಟೀಲಿನ ತಾಟು ಒಯ್ಯುವಾಗ ಅವರ ಮುಖದಲ್ಲಿ ಲಾಟರಿ ಹತ್ತಿದ ಕಳೆ. ಅಮಸಿದ್ದಪ್ಪ ಆ ಕಳೆ ಕೆಡಿಸುತ್ತಿರಲಿಲ್ಲ. "ಇಷ್ಟು ಕೊಡಬಾರದಿತ್ತು ನಾ. ನಿನ್ನ ಮುಖಾ ನೋಡಿ ಕೊಟ್ಟೆ, ಯವ್ವಾ" ಎಂದು ನಿಟ್ಟುಸಿರು ಬಿಡುತ್ತಿದ್ದ. ಆ ನಿಟ್ಟುಸಿರಿನಲ್ಲಿಯೇ ಅವನ ಮನೆಗೆ ಹಂಚು ಹೊದಿಸಿದ್ದು.

ಅವನಪ್ಪ ಬಾದಾಮಿ ಗುಡ್ಡದ ಬುಡದಲ್ಲಿ ಕುರಿ ಕಾಯುತ್ತ ಸತ್ತವನು. ಅಮಸಿದ್ದಪ್ಪನೂ ಮೀಸೆ ಬರುವ ತನಕ ಅದೇ ಹಿಂಡಿನ ಹಿಂದೆ ತಿರುಗಿದವನೇ. ಅಪ್ಪ ಕಣ್ಣು ಮುಚ್ಚಿದ್ದೇ ತಡ ಹಿಂಡು ಮಾರಿದ, ನಾಯಿ ಮಾರಿದ, ಕಂಬಳಿಯನ್ನೂ ಮಾರಿದ. ಹುಲ್ಲಿಗಾಗಿ ಅಲೆಯದ ಮಾಲು ಬೇಕಾಗಿತ್ತು ಅವನಿಗೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ಗುಜರಿಯವರದೊಂದು ಕೂಟವಿತ್ತು. ನಾಲ್ಕೇ ಮಂದಿ. ಬಾಗಲಕೋಟೆಯ ಭಾಂಡಿ ಅಂಗಡಿ ಪಂಢರೀನಾಥ ಶೇಟ ಅದರ ಹಿರಿಯ. ಹುನಗುಂದದ ಹನಮಂತಪ್ಪ, ಇಳಕಲ್ಲದ ಮೀರಾಸಾಬ, ಮತ್ತು ಅಮಸಿದ್ದಪ್ಪ ಉಳಿದವರು. ಲಿಲಾವು, ಅಂದರೆ ಹರಾಜು, ಎಲ್ಲೇ ಆಗಲಿ, ಶೇಟ ಒಬ್ಬನೇ ಸವಾಲು ಹಾಕುವುದು, ಉಳಿದ ಮೂವರು ಆಕಾಶ ನೋಡುತ್ತ ನಿಲ್ಲುವುದು. ಮಾಲು ಮಣ್ಣಿನ ದರಕ್ಕೆ ಶೇಟನ ಪಾಲಾದ ಮೇಲೆ ಚಾದಂಗಡಿಯ ಹಿಂದೆ ನಾಲ್ವರೇ ಕೂತು, ಟಾವೆಲ್ಲಿನ ಕೆಳಗೆ ಒಬ್ಬರ ಬೆರಳೊಬ್ಬರು ಹಿಡಿದು ಖರೆ ಲಿಲಾವು ಮಾಡಿಕೊಳ್ಳುವರು. ಹೆಚ್ಚು ಬೆರಳು ಕೊಟ್ಟವನಿಗೆ ಮಾಲು, ಉಳಿದವರಿಗೆ ಲಾಭದ ಪಾಲು.

ಕೂಟಕ್ಕೆ ಇನ್ನೊಂದು ಕಟ್ಟಳೆಯಿತ್ತು. ಒಳಗೆ ಟೊಳ್ಳಿದ್ದ ಎರಕದ ಮಾಲನ್ನು ಇಡಿಯಾಗಿ ತೂಗುವಂತಿಲ್ಲ. ಹೊಟ್ಟೆಯೊಳಗೆ ಎರಕದ ಮಣ್ಣು ಉಳಿದಿರುತ್ತದೆ, ಮಣ್ಣಿಗೆ ಕಂಚಿನ ದರ ಯಾರು ಕೊಡಬೇಕು? ಆದ್ದರಿಂದ ಕೊಂಡವನು ತನ್ನ ಕೈಯಾರೆ ಒಡೆಯಬೇಕು. ಒಡೆಯುವ ತನಕ ಮಾಲು ಕೂಟದ್ದು, ಒಡೆದು ತೂಗಿ ಪಾಲು ಹಂಚಿದ ಮೇಲೆ ಅವನದು.

ಎಮರ್ಜನ್ಸಿ ವರ್ಷದಲ್ಲಿ ಬಾಗಲಕೋಟೆಯ ಒಬ್ಬ ಜಿನ್ನಿಂಗ್ ಮಿಲ್ಲಿನ ಮಾಲಕ ದಿವಾಳಿಯೆದ್ದ. ಮುಂಬೈಯಿಂದ ಹೊಸ ನಮೂನಿಯ ಕಂಚಿನ ಮೂರ್ತಿ ತರಿಸಿ ಬಂಗಲೆಯ ತೋಟದಲ್ಲಿ ನಿಲ್ಲಿಸುವುದು ಅವನ ಚಟವಾಗಿತ್ತು. ಹತ್ತಿಯ ದರ ಬಿದ್ದಿತು, ಮಿಲ್ಲು ಬಿದ್ದಿತು, ಮಾಲಕ ಊರು ಬಿಟ್ಟ, ಮೂರ್ತಿಗಳು ನಿಂತಲ್ಲೇ ನಿಂತವು. ಕೋರ್ಟಿನ ಬೇಲೀಫ ಬಂದು ಲಿಲಾವು ಕೂಗಿದ. ಬಾಯಿ ಮುಚ್ಚಿಕೊಂಡಿರುವುದು ಆ ವರ್ಷ ದೇಶಕ್ಕೆಲ್ಲ ರೂಢಿಯಾಗಿತ್ತು, ಕೂಟಕ್ಕೆ ಮೊದಲಿನಿಂದಲೂ ಇತ್ತು.

ಹೊಟ್ಟೆಯಲ್ಲಿ ತೂತಿದ್ದ ಹೆಣ್ಣಿನ ಮೂರ್ತಿ ನೋಡಿ ಹನಮಂತಪ್ಪ, "ಇಕಿ ಶ್ರಾವಣದ ಉಪಾಸ ಭಾಳ ಹಿಡದಾಳಲೇ" ಅಂದ. ಬಿದಿರಿನಂತೆ ಸಣ್ಣಗೆ ಎತ್ತರವಾಗಿದ್ದ ಗಂಡಸಿನ ಮೂರ್ತಿಗೆ, "ಇಂವ ಸಾಲಿ ಮಾಸ್ತರ. ಪಗಾರ ಆಗಿಲ್ಲ" ಅಂದ. ಎಲ್ಲರೂ ನಕ್ಕರು. ನಗದೆ ನಿಂತವನು ಅಮಸಿದ್ದಪ್ಪ ಒಬ್ಬ.

ಅವನೆದುರಿಗೆ ಮೊಣಕಾಲೆತ್ತರದ ಒಂದು ಮುದ್ದೆಯಿತ್ತು. ನಾಲ್ಕೈದು ಬೆನ್ನು ಒಂದಕ್ಕೊಂದು ಒತ್ತಿಕೊಂಡಂಥದ್ದು, ತಲೆ ಮಾತ್ರ ಒಂದಕ್ಕೂ ಇಲ್ಲ. ಕೆರೆಯ ತಳದ ಕಲ್ಲಿನಂಥ ಹಸಿರುಗಪ್ಪು ಬಣ್ಣ. ಬೆನ್ನಿನ ತುಂಬ ಸಣ್ಣ ಸಣ್ಣ ಗೀರು.

"ಜ್ವಾಳದ ಹಿಟ್ಟು ನಾದಿ ಮರತು ಹ್ವಾದಂಗ ಐತಿ" ಅಂದ ಮೀರಾಸಾಬ.

ಮಟಮಟ ಮಧ್ಯಾಹ್ನ ಬಯಲಿನಲ್ಲಿ ನೆರಳಿಲ್ಲದಾಗ ಕುರಿಗಳು ಏನು ಮಾಡುತ್ತವೆಂದು ಅಮಸಿದ್ದಪ್ಪನಿಗೆ ಗೊತ್ತಿತ್ತು. ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ, ಪರಸ್ಪರರ ನೆರಳಿನಲ್ಲಿ ನಿಂತುಬಿಡುತ್ತವೆ. ಆಗ ಕಾಣುವುದು ಬರೀ ಬೆನ್ನು. ಸುತ್ತು ಹಾಕಿ ಹಿಂದೆ ಹೋಗಿ ನೋಡಿದ. ಅಲ್ಲೊಂದು ಬೆನ್ನು ಸ್ವಲ್ಪ ಗಿಡ್ಡ. ಜಾಗ ಸಿಗದೆ ಒತ್ತುತ್ತಿರುವ ಮರಿ. ಅಮಸಿದ್ದಪ್ಪನ ಕೈ ತಾನಾಗಿ ಆ ಬೆನ್ನ ಮೇಲೆ ಹೋಯಿತು. ಮಾರಿದ ಹಿಂಡಿನ ನೆನಪಾಗಿ ಅವನೇನೂ ಅಳಲಿಲ್ಲ, ಅಂಥ ಜಾತಿಯವನಲ್ಲ. ಇದು ತನ್ನ ಹತ್ತಿರ ಇರಬೇಕು ಅನಿಸಿತು, ಅಷ್ಟೇ.

ಚಾದಂಗಡಿಯ ಹಿಂದೆ ಟಾವೆಲ್ಲಿನ ಕೆಳಗೆ ಅವನು ಕೊಟ್ಟ ಬೆರಳು ನೋಡಿ ಶೇಟನ ಹುಬ್ಬು ಮೇಲೇರಿತು.

"ಅಮಸಿದ್ದ, ಇದರಾಗ ಬಂಗಾರ ಅದ ಏನು?"

"ಇಲ್ರಿ ಶೇಟಜಿ. ಕಂಚು ಚಲೋ ಐತಿ."

"ಹಂಗಾರ ಒಡಿ."

"ಸುತ್ತಿಗಿ ಊರಾಗ ಐತ್ರಿ. ಮನ್ಯಾಗ ಒಡೀತೇನಿ."

ಶೇಟ ಅವನ ಮುಖವನ್ನೊಮ್ಮೆ ನೋಡಿ ಚಾ ಕುಡಿದ. ಬಿಟ್ಟುಕೊಟ್ಟದ್ದನ್ನು ಶೇಟ ಮರೆಯುವವನಲ್ಲ, ಜೋಪಾನವಾಗಿ ಇಟ್ಟುಕೊಳ್ಳುವವನು.

ಮನೆಯಲ್ಲಿ ಬೋರವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅಮಸಿದ್ದಪ್ಪನ ಅಕ್ಕನ ಮಗಳೇ ಅವನ ಹೆಂಡತಿ. ಲಗ್ನವಾಗಿ ಎಷ್ಟು ವರ್ಷವಾದರೂ ಬಾಯಲ್ಲಿ 'ಮಾವಾ' ಹೋಗಿರಲಿಲ್ಲ.

"ಇದೇನು ಮಾವಾ?"

"ಕುರಿ."

"ಕುರಿ ಮಾರಿ ಅಂಗಡಿ ಹಾಕಿದಿ. ಈಗ ಅಂಗಡಿ ಮಾರಿ ಕುರಿ ಕಟ್ಟಾವೇನು?"

ಹಿತ್ತಲಿನ ಬೇವಿನ ಗಿಡದ ಕೆಳಗೆ ಕುರಿಗಳು ನಿಂತವು. ಬೋರವ್ವ ಬೈಯುತ್ತಲೇ ಅವುಗಳ ಬೆನ್ನ ಮೇಲೆ ಅರಿವೆ ಹಾಸಿ ಹಪ್ಪಳ ಒಣಗಿಸಿದಳು. ಅಮಸಿದ್ದಪ್ಪನಿಗೆ ಒಂದೇ ಸಂಕಟ: ಮೈಯೆಲ್ಲ ಹಿಡಿದ ಆ ಕಪ್ಪು ಹೊಲಸು. ಕಂಚು ಬೆಳಗದೆ ಇಟ್ಟ ಮನೆಯವರನ್ನು ಅವನು ಜೀವಮಾನದಲ್ಲಿ ಮರ್ಯಾದೆಯಿಂದ ಮಾತಾಡಿಸಿದವನಲ್ಲ. ಅಮಾವಾಸ್ಯೆ ಬಂತೆಂದರೆ ಅಂಗಡಿ ಮುಚ್ಚಿ, ಹುಣಸಿಹಣ್ಣು, ಬೂದಿ, ತೆಂಗಿನ ನಾರು ತೆಗೆದುಕೊಂಡು ಕೂತುಬಿಡುತ್ತಿದ್ದ. ಹಟಮಾರಿ ಹೊಲಸದು, ವರ್ಷಗಟ್ಟಲೆ ತಿಕ್ಕಿಸಿಕೊಂಡಿತು. ಕೊನೆಗೆ ಬೆನ್ನುಗಳು ಒಂದೊಂದಾಗಿ ಹೊಳೆದವು. ಬಿಸಿಲಿಗೆ ನೋಡಿದರೆ ಕಣ್ಣು ಕುಕ್ಕುವಂತೆ ಹಿಂಡಿಗೆ ಹಿಂಡೇ ಬಂಗಾರ.

ರುಚಿ ಹತ್ತಿತು. ಹುಬ್ಬಳ್ಳಿ, ಸೊಲ್ಲಾಪುರದ ಲಿಲಾವುಗಳಿಗೆ ಒಬ್ಬನೇ ಹೋಗಿ, ಕೂಟಕ್ಕೆ ಸಂಬಂಧವಿಲ್ಲದ ಮೂರು ಕಂಚು ತಂದ. ರೆಕ್ಕೆಯಿಲ್ಲದ ಒಂದು ಹಕ್ಕಿ, ಒಂದು ಬರೀ ಕೈ, ಮೊಣಕಾಲಲ್ಲಿ ತಲೆಯಿಟ್ಟು ಕೂತ ಒಬ್ಬ ಮುದುಕಿ. ಅವನ್ನೂ ಬೆಳಗಿದ. "ಅಮಸಿದ್ದಪ್ಪನ ಹಿತ್ತಲದಾಗ ಮ್ಯೂಜಿಯಮ್ ಆಗೇತಿ. ಟಿಕೀಟ ಇಟ್ರ ಬಾದಾಮಿ ಗವಿಗೆ ಯಾರೂ ಹೋಗೂದಿಲ್ಲ" ಎಂದು ಕ್ರಾಸಿನ ಮಂದಿ ನಗುತ್ತಿದ್ದರು. ನಗಲಿ ಎಂದು ಅವನೂ ನಗುತ್ತಿದ್ದ.

ಏಳು ವರ್ಷ ಹೀಗೆ ಹೋಯಿತು. ಎಂಬತ್ಮೂರರಲ್ಲಿ ಇಳಕಲ್ಲಿನ ಒಬ್ಬ ಕಲ್ಲು ಗಣಿ ಗುತ್ತಿಗೆದಾರನ ಬಂಗಲೆ ಲಿಲಾವಿಗೆ ಬಂತು. ಅಲ್ಲಿಯೂ ನಾಲ್ಕಾರು ಕಂಚಿನ ಮೂರ್ತಿ. ಶೇಟ ಎಂದಿನಂತೆ ಅಗ್ಗದ ಸವಾಲು ಹಾಕಿದ, ಮೂವರು ಎಂದಿನಂತೆ ಆಕಾಶ ನೋಡಿದರು. ಹಿಂದಿನಿಂದ ಒಂದು ಹೊಸ ದನಿ ಅದರ ಹತ್ತು ಪಟ್ಟು ಕೂಗಿತು. ಕಪ್ಪು ಕನ್ನಡಕ, ಬಿಳಿ ಪ್ಯಾಂಟು. ಮುಂಬೈಯಿಂದ ಮೂರ್ತಿ ಕೊಳ್ಳಲೆಂದೇ ಕಾರು ಮಾಡಿಕೊಂಡು ಬಂದ ಸಾಹೇಬ. ಎಲ್ಲವನ್ನೂ ಅವನೇ ಒಯ್ದ. ಇಷ್ಟು ವರ್ಷ ತಾವು ಒಡೆದು ತೂಗಿದ್ದೆಷ್ಟು ಎಂದು ನೆನೆದು ಶೇಟನ ಮುಖ ಇಂಗು ತಿಂದ ಮಂಗನಂತಾಯಿತು.

ಸಾಹೇಬ ಕಿಸೆಯಿಂದ ಒಂದು ಕಪ್ಪು-ಬಿಳುಪು ಫೋಟೋ ತೆಗೆದು, ಬಾಗಲಕೋಟೆ ಮಿಲ್ಲಿನ ಬಂಗಲೆಯಲ್ಲಿದ್ದ ಈ ಮೂರ್ತಿ ಎಲ್ಲಿ ಹೋಯಿತು, ಗೊತ್ತೇ ಎಂದು ಮರಾಠಿಯಲ್ಲಿ ಕೇಳಿದ.

ಹನಮಂತಪ್ಪ ಇಣುಕಿ ನೋಡಿದವನೇ ಬಾಯಿ ಬಿಟ್ಟ. "ಇದು ನಮ್ಮ ಅಮಸಿದ್ಯಾನ ಹಿತ್ತಲದಾಗ ಐತಲ್ಲ! ಬೋರವ್ವ ಇದರ ಮ್ಯಾಲಽ ಹಪ್ಪಳಾ ಹಾಕ್ತಾಳ."

ಅಮಸಿದ್ದಪ್ಪ ಅಲ್ಲೇ ನಿಂತಿದ್ದ. ಶೇಟ ಅವನ ಕಡೆ ನೋಡಲೇ ಇಲ್ಲ, ಸಾಹೇಬನಿಗೆ ಚಾ ಹೇಳಿದ.

ತಿರುಗಿ ಬರುವಾಗ ಹುನಗುಂದ ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ಪಂಚಾಯ್ತಿ ನಡೆಯಿತು. ಶೇಟ ಮಿರ್ಚಿಯ ತೊಟ್ಟು ಕಿತ್ತು ಬದಿಗಿಟ್ಟ.

"ನಾಳೆ ಸಾಹೇಬರನ್ನ ಕರಕೊಂಡು ಬರ್ತೇನಿ. ಮಾಲು ತೋರಿಸು."

"ಅದು ಮಾರಂಗಿಲ್ರಿ ಶೇಟಜಿ."

"ಯಾಕ?"

"ಮನಸಿಲ್ರಿ."

"ಗುಜರಿಯವಗ ಮನಸು ಯಾವಾಗ ಹುಟ್ಟಿತಲೇ?" ಎಂದು ಹನಮಂತಪ್ಪ ಚುರುಮುರಿ ಮುಕ್ಕಿದ.

ಶೇಟ ದನಿ ಏರಿಸಲಿಲ್ಲ. "ಒಡೀಲಾರದ ಮಾಲು ಯಾರದು, ಅಮಸಿದ್ದ?"

ಅಮಸಿದ್ದಪ್ಪ ಮುಂದಿನ ತಾಟು ಬದಿಗೆ ಸರಿಸಿ, "ಕೂಟದ್ದು" ಅಂದ.

"ನಿನ್ನ ಬಾಯಿಲೇ ಬಂತು. ಮಾರು, ಇಲ್ಲಾ ಒಡಿ. ಎರಡೂ ಒಲ್ಲೆ ಅಂದ್ರ ಇವತ್ತಿನಿಂದ ನಾಲ್ಕೂ ಊರಾಗ ನಿನ್ನ ಕೈಯಾಗಿನ ಒಂದು ಚರಗಿ ಸುದ್ದಾ ಯಾರೂ ಕೊಳ್ಳಂಗಿಲ್ಲ. ಆ ಕುರಿ ಹಾಲು ಹಿಂಡಿಕೊಂಡು ಕುಡಿ."

ಮರುದಿನದ ವ್ಯವಹಾರಕ್ಕೆಂದು ಇಳಕಲ್ಲಿಗೆ ತಿರುಗದೆ ಜೊತೆಗೇ ಹೊರಟಿದ್ದ ಮೀರಾಸಾಬ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ. "ಮಾರಿಬಿಡು ಅಣ್ಣಾ. ಮುಂಬೈದಾಗಾದ್ರೂ ಇಡಿಯಾಗಿ ಇರತೈತಿ. ನೋಡಬೇಕು ಅನಿಸಿದಾಗ ಒಂದು ಸಲ ಹೋಗಿ ನೋಡಿ ಬಾ."

ಆ ಒಂದು ಮಾತಿಗೆ ಅಮಸಿದ್ದಪ್ಪ ಒಪ್ಪಿದ. ತನ್ನ ಹಿತ್ತಲಲ್ಲಿ ಇಲ್ಲದಿದ್ದರೂ ಭೂಮಿಯ ಮೇಲೆ ಎಲ್ಲಿಯೋ ಒಂದು ಕಡೆ ಆ ಹಿಂಡು ನಿಂತಿರಬೇಕು, ಅಷ್ಟು ಸಾಕು.

ಮರುದಿನ ಬೆಳಿಗ್ಗೆ, ಮದುಮಗಳನ್ನು ಕಳಿಸುವ ಮನೆಯವರಂತೆ, ಇದ್ದಬದ್ದ ಹುಣಸಿಹಣ್ಣೆಲ್ಲ ಕಿವುಚಿ ತಿಕ್ಕಿದ. ಬೋರವ್ವ ಅಂದು ಬೈಯಲಿಲ್ಲ, ನೀರು ಹೊಯ್ದಳು. ಸಾಹೇಬನ ಕಾರು ನಿಲ್ಲುವ ಹೊತ್ತಿಗೆ ಕುರಿಗಳು ಬಿಸಿಲಿಗೆ ಧಗಧಗ ಉರಿಯುತ್ತಿದ್ದವು.

ಸಾಹೇಬ ಹಿತ್ತಲಿಗೆ ಬಂದ, ಹಿಂದೆ ಶೇಟ, ಹನಮಂತಪ್ಪ, ಮೀರಾಸಾಬ. ಕನ್ನಡಕ ತೆಗೆದ. ಬಗ್ಗಿ ಬೆನ್ನ ಮೇಲೆ ಉಗುರಾಡಿಸಿದ. ಇದನ್ನು ಮಾಡಿದವರು ಯಾರೆಂದು ಕೇಳಿದ.

"ನಾನಽ ರೀ!" ಅಂದ ಅಮಸಿದ್ದಪ್ಪ, ಎದೆಯುಬ್ಬಿಸಿ. "ಪ್ರತೀ ಅಮಾಸಿಗೆ. ಏಳು ವರ್ಷ ಒಂದೂ ತಪ್ಪಿಸಿಲ್ಲ."

ಸಾಹೇಬ ಬೇಸರದಿಂದ ಏನೋ ಉದ್ದಕ್ಕೆ ಹೇಳಿದ. ಶೇಟ ಅದನ್ನು ಒಂದೊಂದೇ ತುತ್ತಾಗಿ ಕನ್ನಡಕ್ಕಿಳಿಸಿದ. "ಆ ಹಸಿರುಗಪ್ಪು ಹೊಲಸಲ್ಲಂತ. ಮೂರ್ತಿ ಮಾಡಿದಾತ ಬೆಂಕಿ ಹಿಡದು, ಔಷಧ ಹಚ್ಚಿ, ತಿಂಗಳಗಟ್ಟಲೆ ಕೂತು ತಂದ ಬಣ್ಣಂತ ಅದು. ಅವನ ಅರ್ಧಾ ಕೆಲಸ ಅದಽ ಅಂತ. ನೀ ತಿಕ್ಕಿ ತಗದಿ. ಬೆನ್ನಿನ ಮ್ಯಾಲಿನ ಉಣ್ಣೆಯ ಗೀರು ಸುದ್ದಾ ಸವಿಸಿಬಿಟ್ಟಿ. ಈಗ ಇದು ಮೂರ್ತಿ ಅಲ್ಲಂತ, ನಿನ್ನ ಅಂಗಡಿ ಚರಗಿ ಅಂತ."

"ಮತ್ತ ಬಣ್ಣಾ ಬರಂಗಿಲ್ಲೇನ್ರಿ?"

ಸಾಹೇಬ ತಲೆಯಲ್ಲಾಡಿಸಿದ. ಉಳಿದ ಮೂರರ ಮೇಲೆ ಒಮ್ಮೆ ಕಣ್ಣು ಹಾಯಿಸಿದ, ಅವೂ ಹೊಳೆಯುತ್ತಿದ್ದವು. ಬೋರವ್ವನ ಚಾ ಮುಟ್ಟದೆ ಕಾರು ಹತ್ತಿದ.

ಧೂಳು ಇಳಿಯುವ ತನಕ ಅಮಸಿದ್ದಪ್ಪ ತಲೆ ತಗ್ಗಿಸಿ ನಿಂತಿದ್ದ. ತಪ್ಪಿನ ಭಾರದ ಕೆಳಗೆ ಒಂದು ಸಣ್ಣ ಖುಷಿ ಮೆಲ್ಲಗೆ ಮಿಸುಕಾಡಿತು: ಹಾಳಾದರೂ ಹಿಂಡು ಇಲ್ಲೇ ಉಳಿಯಿತಲ್ಲ. ಆ ಖುಷಿ ಮುಖಕ್ಕೆ ಬರುವುದನ್ನೇ ಕಾಯುತ್ತಿದ್ದವನಂತೆ ಶೇಟ, "ತಕ್ಕಡಿ ತಗಿ" ಅಂದ.

"ಶೇಟಜಿ, ಕಾಲಿಗೆ ಬೀಳ್ತೇನ್ರಿ. ತೂಕದ ರೊಕ್ಕ ನಿಮಗ ಮೂರೂ ಮಂದಿಗೆ ನಾನಽ ಕೊಡ್ತೇನಿ. ಒಡ್ಯಾಕ ಹಚ್ಚಬ್ಯಾಡ್ರಿ."

"ಒಳಗ ಮಣ್ಣೆಷ್ಟು, ಕಂಚೆಷ್ಟು, ಒಡೀಲಾರದ ಹೆಂಗ ತಿಳೀಬೇಕು? ಅಂದಾಜಿನ ವ್ಯಾಪಾರ ನಾ ಮಾಡಂಗಿಲ್ಲ."

"ದುಪ್ಪಟ್ಟು ಕೊಡ್ತೇನ್ರಿ."

ಶೇಟ ಬೇವಿನ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರಿದ. "ಮನ್ಯಾಗ ಒಡೀತೇನಿ ಅಂತ ಏಳು ವರ್ಷ ಮೂರು ಮಂದೀನ ಹುಚ್ಚರನ್ನ ಮಾಡಿದಿ. ಅದಕ್ಕ ದರಾ ಇಲ್ಲೋ ತಮ್ಮಾ. ಹೊಡಿ."

ಮೀರಾಸಾಬ ಗೋಡೆಯ ಕಡೆ ಮುಖ ತಿರುಗಿಸಿದ. ಅಮಸಿದ್ದಪ್ಪ ಸುತ್ತಿಗೆ ಎತ್ತಿದ. ಮೊದಲ ಪೆಟ್ಟಿಗೆ ಕಂಚು ಠಣ್ಣೆಂದಿತು, ಮುಕ್ಕಾಗಲಿಲ್ಲ.

"ಕೂಸಿನ ಬೆನ್ನು ಚಪ್ಪರಿಸಿದಂಗಾತು. ಮಲಗಿಸ್ತೀಯೋ, ಒಡೀತೀಯೋ?" ಅಂದ ಹನಮಂತಪ್ಪ.

ಎರಡನೆಯದೂ ಹಾಗೇ ಆಯಿತು. ಮೂರನೆಯದು ಗಿಡ್ಡ ಬೆನ್ನಿಗೆ ಬಿತ್ತು. ಮರಿ ಕಿತ್ತು ಬಂತು. ಆಮೇಲೆ ಅವನು ನಿಲ್ಲಿಸಲಿಲ್ಲ. ಸದ್ದಿಗೆ ಕ್ರಾಸಿನಲ್ಲಿ ನಿಂತ ಬಸ್ಸಿನವರೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. ಚೂರುಗಳನ್ನು ಶೇಟ ಒಂದೊಂದಾಗಿ ಎತ್ತಿ, ಅಂಟಿದ ಸುಟ್ಟ ಮಣ್ಣನ್ನು ಕೀಲಿಕೈಯಿಂದ ಕೆರೆದು ಕೆರೆದು ತಕ್ಕಡಿಗೆ ಹಾಕಿದ. ಒಬ್ಬೊಬ್ಬರ ಪಾಲಿಗೆ ಬಂದದ್ದು ಬಸ್ಸಿನ ಖರ್ಚಿಗೆ ಚೂರು ಮೇಲೆ. ಶೇಟ ತನ್ನ ಪಾಲು ಎಣಿಸಿಯೇ ಕಿಸೆಗಿಟ್ಟ.

ಮೂವರೂ ಹೋದ ಮೇಲೆ ಬೋರವ್ವ ತಂಬಿಗೆಯಲ್ಲಿ ನೀರು ತಂದಳು. ಅವಳ ದನಿಯಲ್ಲಿ ಎಂದಿನ ಮೊನೆಯಿರಲಿಲ್ಲ. "ಹೋಗಲಿ ಬಿಡು ಮಾವಾ. ಉಳದ ಮೂರು ನಿನ್ನವಽ ಅದಾವ. ಅವಕ್ಕ ಕೂಟದ ಹಂಗಿಲ್ಲ."

ಅಮಸಿದ್ದಪ್ಪ ನೀರು ಕುಡಿದ. ಎದ್ದ. ಹಕ್ಕಿಯ ಮುಂದೆ ಹೋಗಿ ನಿಂತು ಸುತ್ತಿಗೆ ಎತ್ತಿದ. ಬೋರವ್ವ ರಟ್ಟೆ ಹಿಡಿದಳು. "ಹುಚ್ಚು ಹಿಡೀತೇನು? ಇದನ್ನ ಯಾರೂ ಕೇಳಿಲ್ಲಲ್ಲೋ!" "ಕೇಳೂ ತನಕ ಯಾಕ ಇಡಬೇಕು?" ಎಂದು ಅವಳನ್ನು ನೂಕಿದ. ಹಕ್ಕಿ, ಕೈ, ಮುದುಕಿ, ಮೂರೂ ಬಿಸಿಲು ಇಳಿಯುವುದರೊಳಗೆ ಗುಡ್ಡೆಗೆ ಸೇರಿದವು.

ಅಲ್ಲಿಂದ ಮುಂದೆ ಕೂಟದಲ್ಲಿ ಒಡೆಯುವ ಕೆಲಸ ಅವನದೇ ಆಯಿತು. ಯಾರು ಕೊಂಡರೂ ಒಡೆಯುವವನು ಅಮಸಿದ್ದಪ್ಪ. ಮಾಲು ಗಾಡಿಯಿಂದ ಇಳಿಯುವುದನ್ನೂ ಕಾಯುತ್ತಿರಲಿಲ್ಲ. ಮುಂಬೈ ಸಾಹೇಬನ ಮೇಲಾಟ ಕಂಡಾಗಿನಿಂದ ಇಡೀ ಮೂರ್ತಿಯ ಆಸೆ ಹತ್ತಿದ್ದ ಶೇಟನೇ ಒಮ್ಮೆ, "ಇದೊಂದು ಇಡೋಣಲೇ" ಅಂದರೆ, "ಕಟ್ಟಳಿ ಕಟ್ಟಳೀರಿ ಶೇಟಜಿ" ಎಂದು ಅವನ ಕಣ್ಣೆದುರಿಗೇ ಎರಡು ಹೋಳು ಮಾಡಿದ.

ಎಂಬತ್ತಾರರಲ್ಲಿ ಬಾಗಲಕೋಟೆಯ ಲಿಲಾವೊಂದರಲ್ಲಿ ಮೀರಾಸಾಬನ ಪಾಲಿಗೆ ಒಂದು ಸಣ್ಣ ಕಂಚು ಬಂತು. ಬೆನ್ನ ಹಿಂದೆ ಕೈಕಟ್ಟಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತ ಹುಡುಗಿ. ಮೀರಾಸಾಬ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಅಣ್ಣಾ, ನಮ್ಮ ಮಾಸುಮಬಿ ಥೇಟ ಹಿಂಗಽ ನಿಲ್ತಿದ್ಲು ನೋಡು" ಅಂದ. ಮಾಸುಮಬಿ ಹಿಂದಿನ ವರ್ಷ ಕಾಮಾಲೆಯಿಂದ ತೀರಿಹೋದ ಅವನ ಮಗಳು. "ಇದೊಂದು ನನಗ ಬಿಡು. ನಿನಗ ಗೊತ್ತಾಗತೈತಿ."

"ಗೊತ್ತಾಗತೈತಿ" ಅಂದ ಅಮಸಿದ್ದಪ್ಪ. ಮೀರಾಸಾಬನ ತೊಡೆಯಿಂದ ಅದನ್ನು ಮೆಲ್ಲಗೆ ಎತ್ತಿ ಕಲ್ಲಿನ ಮೇಲೆ ನಿಲ್ಲಿಸಿದ. ಮೊದಲ ಪೆಟ್ಟು ಮುಖಕ್ಕೆ ಹೊಡೆದ.