ಹೆಗಲಿಗೆ ಒತ್ತದ ಪಟ್ಟಿ

ಪಕ್ಕದ ಮನೆಯ ಚಾಚಾ ಹಿಮ ಕಂಡವರಲ್ಲ. ಮೈಸೂರಿನಲ್ಲಿ ಜಟಕಾ ಓಡಿಸಿ, ಆಮೇಲೆ ಅಮೆರಿಕದಲ್ಲಿ ಹಿಮ ಬೀಳದ ಈ ಫ್ರೀಮಾಂಟಿಗೆ ಬಂದವರು. ಡಾಟ್‌ಕಾಂ ಕಂಪನಿಗಳ ಭರಾಟೆಯಲ್ಲಿ ಇಲ್ಲಿನ ನಮ್ಮ ಆಫೀಸಿನವರು, ಹೆಪ್ಪುಗಟ್ಟಿದ ಕೆರೆಯ ಮೇಲಿನ ಹಿಮ ಗೋರಲು ಕುದುರೆಗೆ ಕಟ್ಟುತ್ತಿದ್ದ ಹಳೆಯ ಹಲಗೆಯೊಂದನ್ನು ಅಲಂಕಾರಕ್ಕೆಂದು ತಂದರು. ಅದರ ಹರಿದ ಚರ್ಮದ ಪಟ್ಟಿಗಳನ್ನು ಹೊಲಿದುಕೊಟ್ಟವರು ಚಾಚಾ. ಪ್ರತಿ ಹೊಲಿಗೆಯನ್ನೂ ತಮ್ಮ ಕೆನ್ನೆಗೆ ಉಜ್ಜಿ ನೋಡಿ, “ಕುದುರೆ ಹೆಗಲಿಗೆ ಒತ್ತಬಾರ್ದು ಸ್ವಾಮಿ” ಎನ್ನುತ್ತಿದ್ದರು. ಒಂದು ಗಂಟು ಚುಚ್ಚಿತೆಂದು ಇಡೀ ಪಟ್ಟಿಯನ್ನೇ ಬಿಚ್ಚಿದರು.

“ಚಾಚಾ, ಇದು ಬರೀ ಶೋಗೆ. ಕುದುರೆ ಎಲ್ಲಿದೆ?” ಎಂದೆ.

“ಇಲ್ಲ ಅಂತ ನಂಗೂ ಗೊತ್ತು. ಈ ಕೈಗೆ ಬೇರೆ ಥರ ಹೊಲಿಯೋದು ಗೊತ್ತಿಲ್ಲ.”

ಕಂಪನಿ ಮುಚ್ಚಿದಾಗ ಆ ಹಲಗೆಯನ್ನು ಕೊಂಡೊಯ್ದ ಹಿಮನಾಡಿನ ರೈತ, ಒಂದು ಹೊಲಿಗೆಯನ್ನೂ ಬದಲಿಸದೆ ಕುದುರೆಗೆ ಕಟ್ಟಿ ಕೆರೆಯ ಹಿಮ ಗೋರಿದೆನೆಂದು ನನಗೆ ಬರೆದ. ಚಾಚಾಗೆ ಓದಿ ಹೇಳಿದೆ.

ಚಾಚಾ ಕೇಳಿದ್ದು ಒಂದೇ: “ಹೆಗಲಿಗೆ ಒತ್ತಲಿಲ್ಲ ತಾನೇ?”