ಗೋಡೆಯ ಹಸಿವು

ಗೌಂಡಿ ಕಾಕಾನ ಬಲ ಹೆಬ್ಬೆರಳಿನ ಉಗುರು ಅಗಲವಾಗಿ, ಚಪ್ಪಟೆಯಾಗಿ ಗಾರೆ ಮೆತ್ತುವ ಕರಣೆಯ ತುದಿಯಂತಿತ್ತು. ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾವ ಗೋಡೆ ಕಂಡರೂ ಒತ್ತಿ, ಮೂಸಿ, "ನಂಬೂ ಹಂಗಿಲ್ಲ" ಅನ್ನುತ್ತಿದ್ದ. ತಾನೇ ಕಟ್ಟಿದ ಗೋಡೆಗೂ ಅದೇ ಮಾತು. ಮಳೆಗಾಲ ಮುಗಿದರೆ ಮನೆಮನೆಗೆ ಬಂದು, ಗೋಡೆಯಲ್ಲಿ ಮೊಳೆತ ಅರಳಿ ಸಸಿಗೆ ಕೈಮುಗಿದು, ಬೇರುಸಮೇತ ಕಿತ್ತು ಹಳ್ಳದ ದಂಡೆಗೆ ನೆಡುತ್ತಿದ್ದ.

ವಾಸ್ತುಶಿಲ್ಪ ಓದಿ ಬಂದ ನಾನು ಅಂಥವನ ಮುಂದೆ ನಾಳಿನ ಊರಿನ ನಕ್ಷೆ ಹರಡಿದೆ. ಅಲ್ಲಿ ಮನೆ ಕಟ್ಟುವುದಿಲ್ಲ, ಬೆಳೆಸುತ್ತಾರೆ. ಕಬ್ಬು ಹಿಂಡಿದ ಸಿಪ್ಪೆಯಲ್ಲಿ ಅಣಬೆಯ ಬಿಳಿ ಎಳೆಗಳು ಹಬ್ಬಿ ಗೋಡೆಯಾಗುತ್ತವೆ. ಬಿರುಕು ತಾನೇ ಕೂಡಿಕೊಳ್ಳುತ್ತದೆ. ಮೊದಲ ಕೋಣೆ ನಮ್ಮ ಹಿತ್ತಲಿನಲ್ಲಿ, ಅವ್ವನ ಮಗ್ಗಕ್ಕೆ.

"ಬೆಳಿಯೂದು ಖರೆ, ತಂಗೆವ್ವಾ. ಉಣ್ಣೂದೇನು?"

"ಸಿಪ್ಪಿ ತಿಂತೈತಿ, ಕಾಕಾ."

"ಸಿಪ್ಪಿ ತೀರಿದ ಮ್ಯಾಲ?"

ನಕ್ಕುಬಿಟ್ಟೆ. ಬಿಸಿಗೆ ಒಡ್ಡಿ ಎಳೆಗಳನ್ನು ಕೊಲ್ಲಬಹುದಿತ್ತು, ಆದರೆ ಸತ್ತ ಗೋಡೆ ನನಗೆ ಬೇಕಿರಲಿಲ್ಲ. ಕೋಣೆ ಬೆಳೆದು ನಿಂತಾಗ ಕಾಕಾ, "ಒಂದು ಮಳಿಗಾಲ ಹಂಗ ಬಿಡು. ಮಗ್ಗ ಹೂಡಬ್ಯಾಡ" ಅಂದ. ಹೊಟ್ಟೆಕಿಚ್ಚು ಎಂದುಕೊಂಡು ಮಗ್ಗ ಹೂಡಿಸಿದೆ. ದಿನಾ ಬಂದು ಗೋಡೆ ಒತ್ತಿ ಹೋಗುತ್ತಿದ್ದ; ನನಗೆ ಅದೂ ಅನುಮಾನ.

ಆಷಾಢದ ಜಿಟಿಜಿಟಿ ಮಳೆ. ಅವ್ವ, ನಾನು ಮುಧೋಳದ ಅಜ್ಜಿಯ ಮನೆಗೆ ಹೋಗಿ ಹದಿನೈದು ದಿನಕ್ಕೆ ಮರಳಿದೆವು. ಮಗ್ಗದ ಮುಂದೆ ಅವ್ವ ಚೀರಿದಳು. ಬಸುರಿ ಅಕ್ಕನ ಕುಬಸದ ಶಾಸ್ತ್ರಕ್ಕೆಂದು ಹೂಡಿದ ಹಸಿರು ಸೀರೆಯ ಹಾಸುನೂಲಿನ ಮೇಲೆಲ್ಲ ಬಿಳಿ ಎಳೆ; ಮುಟ್ಟಿದರೆ ನೂಲು ತುಂಡಾಗುತ್ತಿತ್ತು.

ಕಾಕಾನ ಮನೆಗೆ ಓಡಿದೆ. "ನಾವಿಲ್ಲದಾಗ ಗ್ವಾಡಿಗೆ ಏನ್ ಸುರುವಿದಿ? ಖರೆ ಹೇಳು!"

ಅವನು ಸಿಟ್ಟಾಗಲಿಲ್ಲ. ನನ್ನ ಜೊತೆಗೇ ಬಂದು, ಎರಡು ಬಟ್ಟೆ ತುಂಡುಗಳಲ್ಲಿ ಒಂದಕ್ಕೆ ಮಾತ್ರ ಅವ್ವ ನೂಲಿಗೆ ಹಾಕುವ ಗಂಜಿ ಸವರಿ, ಎರಡನ್ನೂ ಗೋಡೆಗೆ ಹಚ್ಚಿಟ್ಟ. "ಕೀಲಿ ಹಾಕು. ಚಾವಿ ನಿನ್ನ ಹಂತೇಕ ಇರ್ಲಿ."

ಹತ್ತು ದಿನ ಬಿಟ್ಟು ತೆರೆದೆ. ಗಂಜಿಯ ಬಟ್ಟೆಯನ್ನು ಎಳೆಗಳು ಅಪ್ಪಿ ಹಿಡಿದಿದ್ದವು. ಬರೀ ಬಟ್ಟೆ ಹಾಗೇ ಇತ್ತು. ನೇಕಾರರ ಮನೆಯಲ್ಲಿ ಹುಟ್ಟಿ, ಗಂಜಿ ಅಂದರೆ ಹಿಟ್ಟು ಎನ್ನುವುದನ್ನೇ ಮರೆತಿದ್ದೆನಲ್ಲ! ನಾಚಿ ಕಾಲಿಗೆ ಬಿದ್ದೆ.

"ನನ್ನ ಮ್ಯಾಲ ಸಂಶೆ ಮಾಡಿದಿ, ಇರ್ಲಿ. ಅಷ್ಟ ಸಂಶೆ ನಿನ್ನ ಗ್ವಾಡಿ ಮ್ಯಾಲೂ ಮಾಡು" ಅಂದ.

ಸೀರೆ ಕುಬಸಕ್ಕೆ ಆಗಲಿಲ್ಲ. ಅವ್ವ ಮಗ್ಗವನ್ನು ಮನೆಯೊಳಕ್ಕೆ ತಂದು ಮತ್ತೆ ಹಾಸು ಹೂಡಿದಳು; ಅಕ್ಕ ಅದನ್ನು ಮಗಳ ತೊಟ್ಟಿಲ ದಿನ ಉಟ್ಟಳು.

ಬೆಳೆಯುವ ಊರುಗಳನ್ನು ಈಗಲೂ ಬರೆಯುತ್ತೇನೆ. ಪ್ರತಿ ನಕ್ಷೆಯ ಮೇಲೆ ಮೊದಲು ಅವನ ಪ್ರಶ್ನೆ ಬರೆಯುತ್ತೇನೆ: ಉಣ್ಣೂದೇನು?

ಕಾಕಾ ಹೋದ ವರ್ಷ ತೀರಿಕೊಂಡ. ಈ ಸಲ ಮಳೆ ಮುಗಿದಾಗ ಅವನ ಮನೆಯ ಗೋಡೆಯಲ್ಲೇ ಅರಳಿ ಸಸಿ ಮೊಳೆತಿತ್ತು. ಕೈಮುಗಿದು, ಬೇರುಸಮೇತ ಕಿತ್ತು ಹಳ್ಳದ ದಂಡೆಗೆ ನೆಟ್ಟೆ. ತೂತಿಗೆ ಮಣ್ಣು ಮೆತ್ತಿ, ಹೆಬ್ಬೆರಳಿನಿಂದ ಒತ್ತಿ ನೋಡಿದೆ. ನಂಬುವ ಹಾಗಿರಲಿಲ್ಲ. ಇನ್ನೊಮ್ಮೆ ಮೆತ್ತಿದೆ.